ಬದುಕಿದ್ದಾರೆ ಎಂದ ಬೀಗ

“ನಿಮ್ಮಣ್ಣ ಹೋಗಿ ಆರು ತಿಂಗಳಾಯ್ತು. ನಿನ್ನೆ ಸಂಜೆ ಬದುಕಿದ್ರು ಅಂತ ಇದರಲ್ಲಿ ತೋರಿಸ್ತಿದೆ. ಏನಪ್ಪಾ ಇದು?”

ಅತ್ತಿಗೆ ತನ್ನ ಫೋನನ್ನು ಮೈದುನನ ಮೂಗಿನ ಮುಂದೆ ಹಿಡಿದಳು. ನಿನ್ನೆ ಸಂಜೆ ಮೈದುನ ಇದೇ ಮನೆಯಲ್ಲಿದ್ದ.

“ನಂಗೇನು ಗೊತ್ತು ಅತ್ತಿಗೆ?”

“ನಿಂಗಲ್ಲದೆ ಇನ್ಯಾರಿಗೆ ಗೊತ್ತು? ಆ ಕಾಯಿನ್ ವ್ಯಾಪಾರಕ್ಕೆ ಇಬ್ಬರೂ ಒಟ್ಟಿಗೆ ತಾನೇ ಬಿದ್ದಿದ್ದು?”

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಹಗ್ಗ ಹರಿದರೂ ಬ್ರೇಕ್ ಹಿಡಿಯಬೇಕು ಎನ್ನುವವರ ಪೈಕಿ. ಕ್ರಿಪ್ಟೋ ಕಾಯಿನ್ ಎಂಬ ಡಿಜಿಟಲ್ ನಾಣ್ಯ ಮಾರುವ ಕಂಪನಿಯೊಂದು ಗಿರಾಕಿಗಳಿಗೆಲ್ಲ ಪಂಗನಾಮ ಹಾಕಿ ಮಾಯವಾದ ಮೇಲೆ ಕಂಪನಿಗಳ ಸಹವಾಸವನ್ನೇ ಬಿಟ್ಟ. ಯಜಮಾನನಿಲ್ಲದ, ಆಫೀಸಿಲ್ಲದ, ಬರೀ ಕಂಪ್ಯೂಟರ್ ನಿಯಮಗಳ ಮೇಲೆ ನಡೆಯುವ ವಿನಿಮಯ ಕೇಂದ್ರಕ್ಕೆ ಬಂದ. ಗಳಿಸಿದ್ದನ್ನೆಲ್ಲ ತನ್ನದೇ ಡಿಜಿಟಲ್ ಬೀಗದೊಳಗಿಟ್ಟ. ತೆರೆಯುವ ಗುಪ್ತಪದಗಳು ಅವನ ತಲೆಯಲ್ಲಿದ್ದವು. ಅವನ ಜೊತೆಗೇ ಹೋದವು. ಅದಕ್ಕೂ ಒಂದು ಬ್ರೇಕ್ ಇಟ್ಟಿದ್ದ. ಅವನು ಬದುಕಿರುವ ಸುಳಿವು ಆರು ತಿಂಗಳು ಸಿಗದಿದ್ದರೆ, ಎಲ್ಲವೂ ತಾನಾಗಿ ಹೆಂಡತಿಗೆ. ಆ ಎಣಿಕೆ ತೋರಿಸುವ ಆ್ಯಪನ್ನು ಅವಳ ಫೋನಿಗೂ ಹಾಕಿಕೊಟ್ಟಿದ್ದ.

“ಸುಳಿವು ಕೊಡೋದೇ ಮರೆತುಬಿಟ್ರೆ?” ಎಂದು ಅವಳು ಛೇಡಿಸಿದ್ದಳು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುವ ಆಸಾಮಿ ಅವನು.

“ನಾನೇನೂ ಮಾಡ್ಬೇಕಾಗಿಲ್ಲ ಕಣೇ. ಎಲ್ಲಾ ಅದೇ ನೋಡ್ಕೊಳ್ಳುತ್ತೆ” ಎಂದು ನಕ್ಕಿದ್ದ. ಅವಳಿಗೆ ಅರ್ಥವಾದದ್ದು ಆ ನಗು ಮಾತ್ರ.

ಈಗ ಜಗಳವಾಡೋಣವೆಂದರೆ ಕೌಂಟರಿಲ್ಲ, ಮ್ಯಾನೇಜರಿಲ್ಲ. ಮಗಳ ಕಣ್ಣಿಗೆ ಈ ತಿಂಗಳೇ ಆಪರೇಷನ್ ಆಗಬೇಕು. ತಡವಾದರೆ ಉಳಿದಿರುವ ಚೂರು ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಇಸ್ತ್ರಿ ಅಂಗಡಿಯಲ್ಲಿ ಅವಳಿಗೆ ಸಿಗುವ ಕೂಲಿಯಲ್ಲಿ ಅದು ಆಗುವ ಮಾತಲ್ಲ.

“ಮಗೂ ಕಣ್ಣಿನ ದುಡ್ಡಿಗೇ ಕಣ್ಣು ಹಾಕಿದೆಯಲ್ಲೋ! ನಡಿ ಆಚೆ.”

ಮೈದುನ ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆ ಮನೆಗೆ ಬಂದು ಹೋಗುತ್ತಿದ್ದವನು ಅವನೊಬ್ಬನೇ.

ಸಂಜೆ ಅವಳು ತನ್ನ ಫೋನಿನಲ್ಲಿ ಆ ಬೀಗದ ಪುಟ ತೆರೆದು ಎದುರಿಗಿಟ್ಟುಕೊಂಡು ಕಾದು ಕುಳಿತಳು. ಕಳ್ಳ ಇನ್ನೊಮ್ಮೆ ಕೈಯಾಡಿಸಲಿ, ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡಳು.

“ಅಮ್ಮಾ, ಅಪ್ಪನ ಕಥೆ ಹಾಕು.”

ಪುಸ್ತಕದ ಅಕ್ಷರ ಕಾಣದಾದಾಗ ಮಗಳಿಗೆಂದು ಅಪ್ಪ ತನ್ನ ಫೋನಿನಲ್ಲಿ ಹೇಳಿಟ್ಟಿದ್ದ ಇಲಿಯ ಕಥೆ. ದಿನಾ ಅದನ್ನು ಕೇಳದೆ ಮಗಳು ಊಟಕ್ಕೆ ಏಳುವುದಿಲ್ಲ. ಆ ದನಿಯಿಲ್ಲದೆ ತಾಯಿಗೂ ಸಂಜೆ ಕಳೆಯುವುದಿಲ್ಲ.

ಕಪಾಟಿನಿಂದ ಗಂಡನ ಫೋನ್ ತೆಗೆದಳು. ಅವನು ಇಟ್ಟಿದ್ದ ಲಾಕ್ ನಂಬರ್ ಒತ್ತಿ ತೆರೆದಳು. “ಒಂದೂರಲ್ಲಿ ಒಂದು ಇಲಿ ಇತ್ತಂತೆ ಪುಟ್ಟಿ...” ದನಿ ಶುರುವಾಯಿತು.

ಎದುರಿಗಿದ್ದ ಅವಳ ಫೋನ್ ಮಿನುಗಿತು: “ಮಾಲೀಕರು ಬದುಕಿದ್ದಾರೆ. ಅವರ ಫೋನನ್ನು ಈಗಷ್ಟೇ ತೆರೆಯಲಾಗಿದೆ. ಆರು ತಿಂಗಳ ಎಣಿಕೆ ಮತ್ತೆ ಮೊದಲಿನಿಂದ.”