ಇಳಿಸುವ ಗತ್ತು

ಹಾಡು ನಡುವಿಗೆ ಬರುವಷ್ಟರಲ್ಲಿ ಅಜ್ಜಿ ದೊಡ್ಡಮುನಿಯಮ್ಮ ತುರುಬು ಬಿಚ್ಚಿಹಾಕಿದಳು. ಬೆಂಗಳೂರಿನ ದಂಡು ಪ್ರದೇಶದ ಹುಡುಗರ ರಾಕ್ ಬ್ಯಾಂಡಿನಲ್ಲಿ ಮೊಮ್ಮಗ ಮುನಿರಾಜ ಡ್ರಮ್ಸ್ ಬಾರಿಸಿದ ಮೊದಲ ಗ್ರಾಮಫೋನ್ ಪ್ಲೇಟು ಅದು. ಬಿಡುಗಡೆಯಾದ ವಾರಕ್ಕೇ ದಂಡಿನ ತುಂಬ ಅದೇ ಹಾಡು. ಗಿಟಾರುಗಳು ಸುಮ್ಮನಾಗಿ ಡ್ರಮ್ಸ್ ಒಂದೇ ಮೊಳಗುವ ಕಡೆ ಅವನು, ಮಾರಮ್ಮನನ್ನು ಮೈಮೇಲೆ ಕರೆಯುವ ತಮಟೆ ಬಡಿತದ ಗತ್ತನ್ನೇ ಹಾಕಿದ್ದ. ಅದಕ್ಕೇ ದಂಡಿನವರು ಹುಚ್ಚೆದ್ದು ಕುಣಿಯುತ್ತಿದ್ದರು. ಯಲಹಂಕದ ಈ ಮನೆಯಂಗಳದಲ್ಲಿ ಮಾತ್ರ ಎಲ್ಲರೂ ಅಜ್ಜಿಯಿಂದ ಹಿಂದೆ ಸರಿದರು.

ಅಜ್ಜಿ ಕಣ್ಣು ಮುಚ್ಚಿ ತೂಗತೊಡಗಿದಳು. ಮುನಿರಾಜ ಪ್ಲೇಟಿನ ಮೇಲಿನ ಮುಳ್ಳೆತ್ತಿದ. ಹಾಡು ನಿಂತಿತು, ತೂಗಾಟ ನಿಲ್ಲಲಿಲ್ಲ.

“ಪ್ಲೇಟ್ ನಿಲ್ಸಿದ್ರೆ ಅಮ್ಮ ಇಳೀತಾಳೇನ್ಲಾ?” ಅಪ್ಪ ಚಿಕ್ಕಮಾರಯ್ಯ ಕೇಳಿದ. “ಇಳಿಸೋ ಗತ್ತು ಎಲ್ಲೈತೆ ಇದ್ರಲ್ಲಿ?”

“ಅದನ್ನ ಹಾಕಿಲ್ಲಪ್ಪ. ನೀನೇ ಬಾರ್ಸು.”

“ಕರೆದೋನೇ ಕಳಿಸ್ಬೇಕು.”

ಅಪ್ಪ ಗೂಟದಿಂದ ತಮಟೆ ಇಳಿಸಿ ಮಗನ ಹೆಗಲಿಗೆ ಹಾಕಿದ. ಇನ್ನು ಈ ಚರ್ಮ ಮುಟ್ಟುವುದಿಲ್ಲವೆಂದು ಮನೆಬಿಟ್ಟು ಹೋಗಿದ್ದ ಮುನಿರಾಜ ಕೋಲೆತ್ತಿದ. ಅಜ್ಜಿ ಅವನತ್ತಲೇ ಹೆಜ್ಜೆ ಇಟ್ಟಳು.

ಎತ್ತಿದ ಕೋಲು ಅಲ್ಲೇ ನಿಂತಿತು. ಕರೆಯುವುದನ್ನು ಕಲಿತವನು ಕಳಿಸುವುದನ್ನು ಕಲಿಯುವ ಮೊದಲೇ ದಂಡಿಗೆ ಹೊರಟುಹೋಗಿದ್ದ.