'ಬಿದ್ದೆ' ಅನ್ನದ ಆಮೋಸ್

ಚೆಂಡು ದಾಟಿಸಿದರೆ ಗೆಲುವು ಅನ್ನುವ ಗೆರೆಗೆ ಇನ್ನೆರಡೇ ಗಜವಿತ್ತು. ಚೆಂಡನ್ನು ಎದೆಗವಚಿಕೊಂಡು ಬಿದ್ದಿದ್ದ ಆಮೋಸ್ ಥೇಯರ್‌ನನ್ನು, ಅವನ ಷರಾಯಿಗೆ ಹೊಲಿದ ಚರ್ಮದ ಹಿಡಿಗಳಿಗೆ ಕೈಹಾಕಿ ಅವನ ಕಾಲೇಜಿನವರು ಮುಂದಕ್ಕೆಳೆಯುತ್ತಿದ್ದರು. ಎದುರಾಳಿಗಳು ಮೇಲೆ ಬಿದ್ದು ಹಿಂದಕ್ಕೆಳೆಯುತ್ತಿದ್ದರು. ಆ ಕಾಲದ ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದವನು ತಾನೇ ಬಾಯಿಬಿಟ್ಟು "ಬಿದ್ದೆ" ಅನ್ನುವವರೆಗೆ ಆಟ ನಿಲ್ಲುವಂತಿರಲಿಲ್ಲ. ನಾಲ್ಕು ವರ್ಷದಲ್ಲಿ ಆಮೋಸ್ ಒಮ್ಮೆಯೂ ಹಾಗೆ ಅಂದವನಲ್ಲ. ಇದು ಅವನ ಕೊನೆಯ ಪಂದ್ಯ.

ಅವನ ಎದೆಯಡಿಯಿಂದ ಸಣ್ಣ ದನಿಯೊಂದು ಬಂತು. ಎದುರು ತಂಡದ ಕೆಂಚುಗೂದಲಿನವನೊಬ್ಬನ ಕತ್ತು ಅಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತು. "'ಬಿದ್ದೆ' ಅನ್ನೋ ಮಾರಾಯ. ನನ್ ಕೈ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ."

"ಬಿದ್ದೆ," ಅಂದ ಆಮೋಸ್. ಮತ್ತೆ ಜೋರಾಗಿ ಅಂದ, "ಬಿದ್ದೆ."

"ನಮ್ ಆಮೋಸ್ ಅನ್ನೋ ಮಾತೇ ಅದು?" ಮೇಲಿನಿಂದ ನಾಯಕ ಕ್ಲೆಮೆಂಟ್ ನಕ್ಕ. "ಅವರಲ್ಲೇ ಯಾವನೋ ಕಳ್ಳ ಕೂಗ್ತಿದಾನೆ. ಎಳೀರೋ."

ಹಿಡಿಗಳು ಮತ್ತೆ ಬಿಗಿದವು. ಕೆಳಗಿನವನ ದನಿ ನಿಂತೇ ಹೋಯಿತು. ನಾಲ್ಕು ವರ್ಷ ಯಾರ ಕೈಗೂ ಬಿಡದಿದ್ದ ಚೆಂಡನ್ನು ಆಮೋಸ್ ಪಕ್ಕಕ್ಕೆ ತಳ್ಳಿಬಿಟ್ಟ.

ಬೆನ್ನ ಮೇಲಿದ್ದವರೆಲ್ಲ ಎದ್ದು ಅದರ ಹಿಂದೆ ಓಡಿದರು. ಗ್ಯಾಲರಿಯಲ್ಲಿ ಎದುರಾಳಿಗಳ ಕಡೆಯವರ ಟೊಪ್ಪಿಗಳು ಹಾರಿದವು. ಆಮೋಸ್ ಅತ್ತ ನೋಡಲಿಲ್ಲ. ಕೆಸರಲ್ಲಿ ಮಂಡಿಯೂರಿ, ಕೆಂಚುಗೂದಲಿನವನ ಬೆರಳುಗಳು ಒಂದೊಂದಾಗಿ ಅಲುಗುವುದನ್ನೇ ನೋಡುತ್ತಿದ್ದ.