ಫಕ್ಕೀರವ್ವನಿಗೆ ಬಿದ್ದ ಒಂದೇ ಮತ

ಮನೆಯಲ್ಲಿ ಐದು ಮತ... ಬಿದ್ದದ್ದು ಒಂದೇ.

ಮೈಕಿನಲ್ಲಿ ಈ ಫಲಿತಾಂಶ ಕೇಳಿ ಗೇಟಿನ ಹೊರಗಿದ್ದ ಜನ ಮೊದಲು ನಕ್ಕರು. ನಿಮಗೂ ನಗು ಬರಬಹುದು... ಪೂರ್ತಿ ಓದಿ, ಆಮೇಲೆ ನಗಿ.

ತಾಲ್ಲೂಕಿನ ಹೈಸ್ಕೂಲಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆ ನಡೆದಿತ್ತು. ಒಂದು ಮಹಿಳಾ ಸ್ಥಾನಕ್ಕೆ ಫಕ್ಕೀರವ್ವ ನಿಂತಿದ್ದಳು. ಚಿಹ್ನೆ ಹೊಲಿಗೆ ಯಂತ್ರ.

ಆಕೆಗೆ ರಾಜಕೀಯದ ಗಂಧಗಾಳಿ ಇರಲಿಲ್ಲ. ಓಣಿಯ ಹೆಂಗಸರ ಶೌಚಾಲಯಕ್ಕೆ ಬಾಗಿಲಿರಲಿಲ್ಲ... ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಸೀರೆ ಅಡ್ಡ ಹಿಡಿದು ನಿಲ್ಲಬೇಕಿತ್ತು. ಒಂದು ಬಾಗಿಲು ಹಾಕಿಸಬೇಕು ಅಂತ ನಿಂತಳು. ಅಷ್ಟೇ.

ಎದುರಾಳಿ, ಹತ್ತಿ ಮಿಲ್ಲಿನ ಮಾಲೀಕರ ಸೊಸೆ. ಫಕ್ಕೀರವ್ವನ ಗಂಡ ದ್ಯಾಮಪ್ಪ, ಮಗ, ಇಬ್ಬರಿಗೂ ಅದೇ ಮಿಲ್ಲಿನಲ್ಲಿ ಕೆಲಸ. ಓಣಿಯ ಹೆಚ್ಚಿನ ಮನೆಗಳ ಹೊಟ್ಟೆ ತುಂಬುತ್ತಿದ್ದುದೂ ಅದೇ ಮಿಲ್ಲಿನಿಂದ.

ಮತದಾನದ ದಿನ ಬೆಳಿಗ್ಗೆ ಗಂಡ, ಮಗ, ಸೊಸೆ, ಅತ್ತೆ ಎಲ್ಲರೂ ದೇವರ ಜಗಲಿಯ ಮುಂದೆ ನಿಂತರು. ಫಕ್ಕೀರವ್ವ ಯಾರನ್ನೂ ಆಣೆ ಕೇಳಿರಲಿಲ್ಲ. ದ್ಯಾಮಪ್ಪನೇ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಮುಟ್ಟಿ ಆಣೆ ಮಾಡಿದ, ಹಣೆಗೂ ಹಚ್ಚಿಕೊಂಡ.

"ಮನೀ ವೋಟು ಎಲ್ಲಿ ಹೋಗ್ತಾವ? ಎಲ್ಲಾರೂ ಹೊಲಿಗಿ ಮಷೀನಿಗೇ ಒತ್ತತೀವಿ" ಅಂದ.

ಎಣಿಕೆಯ ದಿನವೂ ಹಣೆ ತುಂಬ ಭಂಡಾರ ಹಚ್ಚಿಕೊಂಡೇ ಬಂದಿದ್ದ.

ಒಂದೇ ಮತ ಅಂತ ಮೈಕಿನಲ್ಲಿ ಕೇಳಿದ್ದೇ ತಡ, ಮೊದಲು ಕೂಗಿದವನೂ ಅವನೇ...

"ಮೋಸ! ನಮ್ಮ ಮನ್ಯಾಗ ಐದು ವೋಟು ಅದಾವು! ಆಫೀಸರ್ ರೊಕ್ಕ ತಿಂದಾನ!"

ನಗುತ್ತಿದ್ದವರೆಲ್ಲ ಈಗ ಕೂಗತೊಡಗಿದರು. ಮೊಬೈಲ್‌ಗಳು ಮೇಲೆದ್ದವು. ಯಾರೋ ಗೇಟು ಅಲುಗಾಡಿಸಿದರು.

ಒಳಗೆ ಚುನಾವಣಾಧಿಕಾರಿ ಹಾದಿಮನಿ ಸರ್ ಆಗಷ್ಟೇ ಟೀ ಹಿಡಿದು ಕೂತಿದ್ದರು. ಕೃಷಿ ಇಲಾಖೆಯ ಮನುಷ್ಯ, ನಿವೃತ್ತಿ ಹತ್ತಿರ. ಆ ಮಾತು ಕಿವಿಗೆ ಬಿದ್ದು ಲೋಟ ಕೆಳಗಿಟ್ಟರು.

ಫಕ್ಕೀರವ್ವ ಅವರ ಮೇಜಿನ ಮುಂದೆ ಬಂದು ನಿಂತಳು.

"ಸರ್... ನಮ್ಮ ಮನ್ಯಾಗ ಐದು ಮಂದಿ ಹಾಕೇವಿ. ಒಂದ್ಸಲ ಮತ್ತ ಎಣಸ್ರಿ."

ಹಾದಿಮನಿ ಸರ್ ಸಿಟ್ಟಾಗಬಹುದಿತ್ತು. ಆಗಲಿಲ್ಲ. "ಕೇಳೋ ಹಕ್ಕು ನಿಮಗೈತಿ ಅವ್ವಾ. ಅರ್ಜಿ ಕೊಡ್ರಿ, ನಿಮ್ಮ ಕಣ್ಣ ಮುಂದ ಎಣಸ್ತೇನಿ" ಅಂದರು.

ಒಂದೊಂದೇ ಮತಪತ್ರವನ್ನು ಬಿಡಿಸಿ, ಆಕೆಯ ಕಡೆ ತಿರುಗಿಸಿ ತೋರಿಸಿದರು. ಅವಸರ ಮಾಡಲಿಲ್ಲ.

ಹೊಲಿಗೆ ಯಂತ್ರದ ಪಕ್ಕ ಖಾಲಿ... ಖಾಲಿ... ಮತ್ತೆ ಖಾಲಿ...

ಮೊದಮೊದಲು ಆಕೆ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಆಮೇಲೆ ಕುರ್ಚಿಗೆ ಒರಗಿದಳು.

ಕೊನೆಗೂ ಒಂದು ಬಂತು. ಮುದ್ರೆಯನ್ನು ಎಷ್ಟು ಗಟ್ಟಿಯಾಗಿ ಒತ್ತಿದ್ದರೆಂದರೆ, ಶಾಯಿ ಕಾಗದದ ಹಿಂಬದಿಗೂ ಇಳಿದಿತ್ತು.

ಅದನ್ನು ಒತ್ತಿದ ಕೈ ಯಾವುದು ಅಂತ ಆಕೆಗೆ ಗೊತ್ತಿತ್ತು. ತನ್ನದೇ.

ತಿರಸ್ಕೃತ ಮತಗಳನ್ನೂ ತೋರಿಸಿದರು. ಅವುಗಳಲ್ಲೂ ಹೊಲಿಗೆ ಯಂತ್ರದ ಹತ್ತಿರ ಯಾರೂ ಸುಳಿದಿರಲಿಲ್ಲ.

ಫಕ್ಕೀರವ್ವ ಅಳಲಿಲ್ಲ. ಯಾರ ಮೇಲೂ ಸಿಟ್ಟು ಬರಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತ ಕೂತಳು. ಟೀ ಕೊಟ್ಟರೆ ಕೈಗೆ ತೆಗೆದುಕೊಂಡಳು, ಕುಡಿಯುವುದು ಮರೆತಳು.

ಹಾದಿಮನಿ ಸರ್‌ಗೆ ತಡೆಯಲಾಗಲಿಲ್ಲ. ದನಿ ತಗ್ಗಿಸಿ ಹೇಳಿದರು...

"ಅವ್ವಾ... ಆ ತಿರಸ್ಕೃತ ಮತ ಅದಾವಲ್ಲ, ಅವು ನಿಮ್ಮ ಮನಿಯವ್ರವೇ ಇರಬೇಕು. ಗಡಿಬಿಡಿಯೊಳಗ ತಪ್ಪಿ ಬ್ಯಾರೆ ಕಡೆ ಒತ್ತಿರ್ತಾರ..."

ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಸರ್... ನನಗ ಖರೇ ಹೇಳಿದವ್ರು ನೀವೊಬ್ರ. ನೀವೂ ಸುಳ್ಳು ಹೇಳಬ್ಯಾಡ್ರಿ."

ಹೊರಗಿನ ಬೈಗುಳಕ್ಕೆಲ್ಲ ಜಗ್ಗದಿದ್ದ ಆ ಮನುಷ್ಯ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಫಕ್ಕೀರವ್ವ ಗೇಟಿನ ಹತ್ತಿರ ಬಂದಳು. ಯಾರೋ ಮೊಬೈಲ್ ಮುಖಕ್ಕೆ ಹಿಡಿದರು. "ಹೇಳವ್ವಾ! ಮೋಸ ಆಗೇತಿ ಹೌದಲ್ಲೋ? ನೀ ಹ್ಞೂಂ ಅನ್ನು, ಗೇಟು ಮುರದ ಬಿಡತೀವಿ!"

ಒಂದು "ಹ್ಞೂಂ" ಅಂದಿದ್ದರೆ ಸಾಕಿತ್ತು... ಓಣಿಯಲ್ಲಿ ಮಾನ ಉಳಿಯುತ್ತಿತ್ತು. ಮನೆ ಮೊದಲಿನಂತೆಯೇ ಇರುತ್ತಿತ್ತು. ಹೋಗುತ್ತಿದ್ದುದು ಒಳಗಿದ್ದ ಯಾರೋ ಒಬ್ಬ ಆಫೀಸರನ ಹೆಸರು, ಅಷ್ಟೇ ತಾನೇ?

"ಮತ್ತ ಎಣಿಸಿದ್ರು. ಎಲ್ಲಾ ನಾನ ಕಣ್ಣಾರೆ ನೋಡೇನಿ. ಎಣಿಕಿ ಸರಿ ಐತಿ" ಅಂದಳು.

ಆಮೇಲೆ, "ಒಳಗ ಯಾರೂ ಮೋಸ ಮಾಡಿಲ್ಲ" ಅಂದಳು.

ಕೂಗು ನಿಂತಿತು. ಜನರ ಕಣ್ಣುಗಳೆಲ್ಲ ನಿಧಾನಕ್ಕೆ ದ್ಯಾಮಪ್ಪನ ಕಡೆ ಹೊರಳಿದವು. ಅವನು ಟವೆಲಿನಿಂದ ಹಣೆ ಒರೆಸಿಕೊಂಡ. ಭಂಡಾರ ಹೋಗಲಿಲ್ಲ... ಬೆವರಿನಲ್ಲಿ ಕಲಸಿ ಕಣ್ಣಿಗೆ ಇಳಿಯಿತು.

"ಮಿಲ್ಲಿನ ಕೆಲಸ ಹೋಗ್ತಿತ್ತು..." ಅಂತ ಗೊಣಗಿದ.

"ನನಗ ಹೇಳಿದ್ರ ನಾ ನಿಲ್ತಿದ್ದೇ ಇಲ್ಲ. ಭಂಡಾರ ಯಾಕ ಮುಟ್ಟಿದ್ರಿ?"

ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಊರಿಗೆ ಹೋದರು. ಮನೆಗೆ ಹೋಗಿ ಫಕ್ಕೀರವ್ವ ಐದೂ ಮಂದಿಗೆ ರೊಟ್ಟಿ ಬಡಿದಳು. ಯಾರ ಮುಖವನ್ನೂ ನೋಡಲಿಲ್ಲ.

ಅನುಮಾನ ಬಂದರೆ ಕೇಳುವುದು ತಪ್ಪಲ್ಲ ಸ್ನೇಹಿತರೇ. ಆಕೆಯೂ ಕೇಳಿದಳು. ಆದರೆ ಬಂದ ಉತ್ತರ ತನ್ನ ಮನೆಯನ್ನೇ ಸುಟ್ಟರೂ ಅದನ್ನು ತಿರುಚಲಿಲ್ಲ...

*ಪ್ರಾಮಾಣಿಕವಾಗಿ ಎಣಿಸುವುದು ಅಧಿಕಾರಿಯ ಕೆಲಸ... ಆ ಎಣಿಕೆಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವುದು ನಮ್ಮ ಕೆಲಸ.*

ಮುಂದಿನ ಸಲ "ಮೋಸ" ಅಂತ ಕೂಗುವ ಮೊದಲು, ಒಮ್ಮೆ ನಮ್ಮ ಹಣೆಯನ್ನೂ ಮುಟ್ಟಿ ನೋಡಿಕೊಳ್ಳುತ್ತೇವಾ?